ಹ್ಯಾಂಡಲ್ಲಿನ ಪನ್ನಾ

ನಮ್ಮ ಮಾಮಾನಿಗೆ ಯಾರ ಮುಖವೂ ನೆನಪಿರುವುದಿಲ್ಲ. ಅವನಿಗೆ ನೆನಪಿರುವುದು ಹೆಗಲು!

ನಂಬುವುದಿಲ್ಲವೆ? "ಮಾಮಾ, ಮೊನ್ನೆ ಮದುವಿ ಮನ್ಯಾಗ ನಿನ್ನ ಬಾಜೂಕ ಊಟಕ್ಕ ಕುಂತಿದ್ರಲ್ಲಾ, ಬನಹಟ್ಟಿಯವರು, ಚಷ್ಮಾ ಹಾಕ್ಕೊಂಡಿದ್ರು, ಜೋರ ನಗತಿದ್ರು" ಎಂದು ನಾನು ಎಷ್ಟು ಗುರುತು ಹೇಳಿದರೂ ಅವನು ಮಿಕಿಮಿಕಿ ನೋಡುತ್ತಾನೆ. ಆಮೇಲೆ ಎರಡೂ ಕೈ ಮುಂದಕ್ಕೆ ಚಾಚಿ, ಕಾಣದ ಸೈಕಲ್ಲೊಂದರ ಹ್ಯಾಂಡಲ್ ಹಿಡಿದು, ಗಾಳಿಯಲ್ಲೇ ಒಂದಿಷ್ಟು ಹಿಗ್ಗಿಸಿ ಕುಗ್ಗಿಸಿ ಕೇಳುತ್ತಾನೆ:

"ಇಷ್ಟ ಅಗಲ ಇದ್ದಾ, ಹೌದಿಲ್ಲೋ? ಎಡಗಡಿ ಹೆಗಲ ಒಂಚೂರ ಇಳದಿತ್ತು?"

"ಇರಬಹುದ ಮಾಮಾ."

"ಗೊತ್ತಾತ ಬಿಡ. ಛಲೋ ಮನಶಾ. ಸಣ್ಣ ಹ್ಯಾಂಡಲ್ ಹಿಡದ ಹಿಡದ ಕೆಟ್ಟಾನ."

ಮಾಮಾ ಅಂದರೆ ನನ್ನ ತಾಯಿಯ ತಮ್ಮ. ಮನೆ ರಬಕವಿಯಲ್ಲಿ. ಮನೆಯ ಮುಂದಿನ ಅರ್ಧದಲ್ಲಿ ಪವರ್‌ಲೂಮುಗಳು, ಹಿಂದಿನ ಅರ್ಧದಲ್ಲಿ ನಮ್ಮ ಅತ್ತೆ, ಇಬ್ಬರಿಗೂ ಬಿಡುವೆಂಬುದಿಲ್ಲ. ನಾನಿರುವುದು ಜಮಖಂಡಿಯಲ್ಲಿ, ಮೋಟರ್ ಸೈಕಲ್ ಹತ್ತಿದರೆ ಚಹಾದ ಹೊತ್ತಿಗೆ ಹೋಗಿ ಮುಟ್ಟುವಷ್ಟು ಹತ್ತಿರ. ಹಾಗಾಗಿ ಮಾಮಾನ ಸಿದ್ಧಾಂತಗಳು ನನಗೆ ಯಾವಾಗಲೂ ಬಿಸಿಬಿಸಿಯಾಗಿಯೇ ಸಿಗುತ್ತವೆ.

ಮಗ್ಗದವರಲ್ಲಿ ಬಟ್ಟೆಯ ಅಗಲಕ್ಕೆ ಪನ್ನಾ ಅನ್ನುತ್ತಾರೆ. ಪನ್ನಾ ಒಂದು ಬೆರಳು ಕಡಿಮೆಯಾದರೂ ಸೀರೆ ಕೊಳ್ಳುವ ಹೆಂಗಸು ಕಣ್ಣಲ್ಲೇ ಅಳೆದು ಪಕ್ಕಕ್ಕೆ ಸರಿಸಿಬಿಡುತ್ತಾಳೆ. ಕೈಮಗ್ಗದ ಕಾಲದಲ್ಲಂತೂ ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತವನ ಕೈ ಎಲ್ಲಿಯತನಕ ಚಾಚುತ್ತದೋ ಅಲ್ಲಿಯತನಕವೇ ಪನ್ನಾ. ಮಾಮಾ ಕೆಲಸ ಕಲಿತದ್ದು ಆ ಕುಣಿಯಲ್ಲಿ. ಕೈಮಗ್ಗ ಹೋಗಿ ಪವರ್‌ಲೂಮು ಬಂದ ಮೇಲೆ ಪನ್ನಾದ ಚಿಂತೆಯನ್ನು ಯಂತ್ರವೇ ವಹಿಸಿಕೊಂಡಿತು. ಕೆಲಸವಿಲ್ಲದೆ ಉಳಿದ ಮಾಮಾನ ಅಳತೆಗಣ್ಣು ಸುಮ್ಮನೆ ಕೂರುತ್ತದೆಯೆ? ಓಣಿಯಲ್ಲಿ ಹೋಗಿ ಬರುವ ಸೈಕಲ್ಲುಗಳ ಮೇಲೆ ಬಿತ್ತು!

"ಸೀಟಿನ ಎತ್ತರ ಎಲ್ಲಾರೂ ನೋಡ್ತಾರ. ಟಾಯರ್ ಎಲ್ಲಾರೂ ಒತ್ತಿ ನೋಡ್ತಾರ. ಹ್ಯಾಂಡಲ್ ಎಷ್ಟ ಅಗಲ ಐತಿ ಅಂತ ಯಾರರೆ ನೋಡ್ತಾರೇನ?" ಎಂದು ಅವನು ಶುರು ಮಾಡಿದನೆಂದರೆ ಕೈಯಲ್ಲಿನ ಚಹಾ ಕೆನೆಗಟ್ಟುತ್ತದೆ. "ಸಣ್ಣದಾತಂದ್ರ ಎದಿ ಮಡಚತೈತಿ. ಎದಿ ಮಡಚಿದ್ರ ಉಸುರ ಒಳಗ ಹೋಗೂದಿಲ್ಲ. ಅಗಲ ಆತಂದ್ರ ಕುತಗಿ ಹಿಡೀತೈತಿ. ಕುತಗಿ ಹಿಡಕೊಂಡಾವ ಮನಿಗೆ ಬಂದ ಹೆಂಡ್ತಿ ಜೋಡಿ ನೆಟ್ಟಗ ಮಾತಾಡ್ತಾನೇನ? ಅಲ್ಲಿಂದ ಜಗಳ ಶುರು!"

"ಅಂದ್ರ ಲೋಕದಾಗಿನ ಗಂಡ ಹೆಂಡ್ತಿ ಜಗಳಕ್ಕೆಲ್ಲಾ ಹ್ಯಾಂಡಲ್ ಕಾರಣ ಅಂತಿ?"

ಮಾಮಾ ಪ್ರಾಮಾಣಿಕ ಮನುಷ್ಯ. "ಎಲ್ಲಾ ಅನ್ನೂದಿಲ್ಲ. ಸೈಕಲ್ ಇಲ್ಲದ ಮನ್ಯಾಗೂ ಜಗಳ ಅದಾವ. ಅವು ಯಾಕ ಅಂತ ನಂಗ ಗೊತ್ತಿಲ್ಲ."

ನನ್ನ ತಂಗಿಗೆ ಗಂಡು ನೋಡಲು ಮುಧೋಳಕ್ಕೆ ಹೋದ ಕಥೆ ಕೇಳಿ. ಹಿರಿಯನೆಂದು ಮಾಮಾನನ್ನೇ ಮುಂದೆ ಮಾಡಿಕೊಂಡು ಹೋಗಿದ್ದೆವು. ಹುಡುಗ ಬಂದು ಎಲ್ಲರಿಗೂ ಕೈಮುಗಿದು ಕುಳಿತ. ನೌಕರಿ ಏನು, ಹೊಲ ಎಷ್ಟು, ಚಟಗಿಟ ಉಂಟೋ ಎಂದೆಲ್ಲ ಕೇಳಬೇಕಾಗಿದ್ದ ಮಾಮಾ ಎದ್ದು ಹುಡುಗನ ಹಿಂದೆ ಹೋದ. ಹೋಗಿ ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಗೇಣು ಹಾಕತೊಡಗಿದ! ಹುಡುಗ ಅವಲಕ್ಕಿಯ ತಟ್ಟೆ ಹಿಡಿದುಕೊಂಡೇ ಕಲ್ಲಾದ. ನನ್ನ ತಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಹುಡುಗನ ತಂದೆ ಮೆಲ್ಲಗೆ ಕೇಳಿದರು:

"ಏನ್ರೀ ಯಜಮಾನ್ರ, ಅಂಗೀ ಅಳತಿ ತಗೊಳಾಕತ್ತೀರೇನ್ರಿ?"

"ಇಲ್ರಿ. ಹೆಗಲ ಭಾಳ ಛಲೋ ಅದಾವ್ರಿ. ಉಸುರಿಗೆ ಏನೂ ಕಮ್ಮಿ ಇಲ್ಲ."

ಸಂಬಂಧ ಮುರಿದುಬಿತ್ತೆಂದೇ ತಿಳಿದು ನಾನು ಚಪ್ಪಲಿ ಹುಡುಕತೊಡಗಿದೆ. ಆದರೆ ಅವರು ಮುಧೋಳದವರು! ತಿಮ್ಮಾಪುರದ ಕಡೆ ಬೇಟೆನಾಯಿಯ ಮರಿಗಳನ್ನು ಆರಿಸುವುದನ್ನು ನೋಡುತ್ತಲೇ ಬೆಳೆದವರು. ಅವರ ಮುಖ ಊರಗಲ ಅರಳಿತು. "ಖರೆ ಅಂದ್ರಿ ನೋಡ್ರಿ! ನಾವೂ ಮರಿ ಆರಸೂವಾಗ ಮೊದಲ ಎದೀನ ನೋಡ್ತೇವ್ರಿ" ಅಂದರು. ಮಾತು ಅಲ್ಲಿಗೇ ಪಕ್ಕಾ ಆಯಿತು. ನಮ್ಮ ಅಳಿಯಂದಿರು ಮಾತ್ರ ಇವತ್ತಿಗೂ ಮಾಮಾ ಬಂದರೆ ಗೋಡೆಗೆ ಬೆನ್ನು ಹಚ್ಚಿಕೊಂಡೇ ಕೂರುತ್ತಾರೆ.

ಇಷ್ಟೆಲ್ಲ ಅಳೆಯುವವನ ಸ್ವಂತ ಸೈಕಲ್ ಹೇಗಿರಬೇಕು? ಹೇಳಿ ನೋಡೋಣ!

ಮಾಮಾ ಆಳು ಸಣ್ಣ. ಗಾಳಿ ಜೋರಾದರೆ ಯಾರಾದರೂ ಧೋತರದ ಚುಂಗು ಹಿಡಿದು ನಿಲ್ಲಿಸಬೇಕು, ಅಂಥ ಆಳು. ಅವನ ಹ್ಯಾಂಡಲ್ ಮಾತ್ರ ಎಮ್ಮೆಯ ಕೋಡು! ಒಂದು ಕಾಲಕ್ಕೆ ಸೀರೆಯ ಗಂಟುಗಳನ್ನು ಹ್ಯಾಂಡಲ್ಲಿನ ಎರಡೂ ಕಡೆ ತೂಗುಹಾಕಿಕೊಂಡು ಪೇಟೆಗೆ ಹೋಗಬೇಕಾಗಿತ್ತು. ಗಂಟು ಮೊಳಕಾಲಿಗೆ ಬಡಿಯಬಾರದೆಂದು ಹಳೆಯ ಮಗ್ಗದ ಪೈಪು ತಂದು, ವೆಲ್ಡಿಂಗ್ ಮಾಡಿಸಿ, ಹ್ಯಾಂಡಲ್ಲನ್ನು ಎರಡೂ ದಿಕ್ಕಿಗೆ ಬೆಳೆಸಿದ್ದ. ಗಂಟುಗಳು ಟೆಂಪೋ ಹತ್ತಿ ಯಾವ ಕಾಲವಾಯಿತೋ! ಹ್ಯಾಂಡಲ್ ಹಾಗೇ ಉಳಿಯಿತು.

"ಮಾಮಾ, ನಿನ್ನ ಲೆಕ್ಕದಾಗ ಇದು ತಪ್ಪ ಅಲ್ಲೇನ?"

"ಇದು ಹೆಗಲಿನ ಹ್ಯಾಂಡಲ್ ಅಲ್ಲಲೇ ಅಳಿಯಾ. ಇದು ಧಂದೇದ ಹ್ಯಾಂಡಲ್."

"ಧಂದೆ ಟೆಂಪೋ ಹತ್ತಿ ಹೋತಲ್ಲಾ?"

"ಹ್ಯಾಂಡಲ್ ಇದ್ರ ಎಂದರೆ ತಿರುಗಿ ಬಂದೀತು."

ಒಮ್ಮೆ ಪಂಕ್ಚರ್ ತೆಗೆಯುವವನು ಪಾಪ ಒಳ್ಳೆಯ ಮನಸ್ಸಿನಿಂದಲೇ, "ಮಾಮಾ, ಎರಡೂ ಕಡೆ ಒಂದೊಂದ ಗೇಣ ಕೊಯ್ದ ಒಗೀಲೇನ್ರಿ? ಹಗೂರ ಆಗತೈತಿ" ಅಂದ. "ಮೊದಲ ನನ್ನ ಕೈ ಕೊಯ್ದ ಒಗಿ" ಅಂದ ಮಾಮಾ, ಆ ಮಳೆಗಾಲ ಮುಗಿಯುವವರೆಗೂ ಅವನ ಅಂಗಡಿಯ ಕಡೆ ತಲೆ ಹಾಕಲಿಲ್ಲ. ಗಾಳಿ ಹಾಕಿಸಲು ಬನಹಟ್ಟಿಯತನಕ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದ!

ಮಾಮಾನ ಓಣಿಯೋ ಇಕ್ಕಟ್ಟು ಓಣಿ. ಅವನ ಸೈಕಲ್ ಒಳಗೆ ಬಂತೆಂದರೆ ಎದುರಿಗೆ ಬಂದವರು ಯಾರದಾದರೂ ಮನೆಯ ಕಟ್ಟೆ ಹತ್ತಲೇಬೇಕು. ಹತ್ತಿದ ಮೇಲೆ ಮನೆಯವರು "ಬರ್ರಿ, ಕುಂಡ್ರಬರ್ರಿ" ಅನ್ನದೆ ಬಿಡುತ್ತಾರೆಯೆ? ಹಾಗೆ ಅವನ ಹ್ಯಾಂಡಲ್ಲಿನ ದೆಸೆಯಿಂದ ಓಣಿಯಲ್ಲಿ ಎಷ್ಟೋ ಮನೆತನಗಳು ಹತ್ತಿರವಾಗಿವೆ. ಇನ್ನು ದೊಡ್ಡ ರಸ್ತೆಯಲ್ಲಿ ಕೇಳಬೇಡಿ. ಕಬ್ಬಿನ ಹಂಗಾಮಿನಲ್ಲಿ ಹಿಪ್ಪರಗಿಯ ಕಡೆಯಿಂದ ಎರಡೆರಡು ಟ್ರೇಲರ್ ಎಳೆದುಕೊಂಡು ಸಮೀರವಾಡಿಯ ಸಕ್ಕರೆ ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರುಗಳು ಬಸ್ಸಿಗೂ ದಾರಿ ಬಿಟ್ಟವಲ್ಲ. ಅಂಥದೊಂದು ಟ್ರ್ಯಾಕ್ಟರು ಒಂದು ದಿನ ಮಾಮಾನ ಎದುರಿಗೆ ಬಂದು, ನಿಂತು, ಹಾಡು ಬಂದ್ ಮಾಡಿತು. ಮೇಲಿನಿಂದ ಡ್ರೈವರ್ ಕೈಮುಗಿದು ಕೂಗಿದ:

"ಕಾಕಾರ, ಮೊದಲ ನಿಮ್ಮ ಗಾಡಿ ಹೋಗ್ಲಿ. ನಂದು ಸಣ್ಣದೈತಿ!"

ಈ ಸೈಕಲ್ಲಿನ ಹಿಂದಿನ ಕ್ಯಾರಿಯರ್ ಮೇಲೆ ಕೂತುಕೊಂಡೇ ನಮ್ಮ ಅತ್ತೆಯ ಸಂಸಾರ ಸಾಗಿತ್ತು. ಅತ್ತೆ ಬೀಳಗಿಯ ಹೆಣ್ಣುಮಗಳು. ಹುಡುಗಿಯಾಗಿದ್ದಾಗ ಅಪ್ಪನ ದೊಡ್ಡ ಸೈಕಲ್ಲಿನ ಅಡ್ಡ ಕಂಬಿಯ ಕೆಳಗೆ ಕಾಲು ತೂರಿಸಿ, ಓರೆಯಾಗಿ ಜೋತುಬಿದ್ದು, ಊರೆಲ್ಲ ಸುತ್ತಿದವಳು. ಮದುವೆಯಾಗಿ ರಬಕವಿಗೆ ಬಂದ ದಿನ ಹಿಂದೆ ಕೂತಳು, ಕೂತೇ ಉಳಿದಳು. ಓಣಿಯ ಎರಡೂ ಕಡೆ ಮನೆಮನೆಗೆ ಮಗ್ಗ. ಬೆಳಗಿನಿಂದ ಸಂಜೆಯವರೆಗೆ ಖಟಕ್ ಖಟಕ್. ಹಿಂದೆ ಕೂತವಳು ಏನು ಹೇಳಿದರೂ ಮುಂದಿನವನಿಗೆ ಮುಟ್ಟುವುದಿಲ್ಲ. ಮುಟ್ಟದಿದ್ದರೇನು, ಮಾಮಾ ಸಭ್ಯ ಮನುಷ್ಯ, ಒಂದು ಅಳತೆಯಲ್ಲಿ "ಹೂಂ... ಹೂಂ..." ಎನ್ನುತ್ತ ಪೆಡಲ್ ತುಳಿಯುತ್ತಿದ್ದ.

ಒಂದು ದಿನ ಗಿರಣಿಗೆ ಹೋಗುವಾಗ ಅತ್ತೆ ಪರೀಕ್ಷೆ ಮಾಡಲೆಂದೇ, "ರೀ, ನಾ ಇಲ್ಲೇ ಇಳದ ತವರಮನಿಗೆ ಹೊಂಟೇನ್ರಿ, ತಿರುಗಿ ಬರೂದಿಲ್ರಿ" ಅಂದಳಂತೆ.

"ಹೂಂ" ಅಂದ ಮಾಮಾ.

ಅತ್ತೆ ಇಳಿದೇ ಬಿಟ್ಟಳು! ಗಿರಣಿಯ ಮುಂದೆ ಸೈಕಲ್ ನಿಲ್ಲಿಸಿ "ಲಗೂ ಇಳಿ, ಪಾಳಿ ಹಚ್ಚಬೇಕು" ಎಂದು ಮಾಮಾ ಹಿಂದೆ ತಿರುಗಿದರೆ, ಕ್ಯಾರಿಯರ್ ಮೇಲೆ ಜೋಳದ ಚೀಲ ಮಾತ್ರ ಗಂಭೀರವಾಗಿ ಕೂತಿತ್ತು.

ಈ ಕಥೆಯನ್ನು ಅತ್ತೆ ನನಗೆ ನಗುನಗುತ್ತಲೇ ಹೇಳಿದಳು. ಹೇಳುತ್ತ ಹೇಳುತ್ತ ರಾಟೆ ನಿಲ್ಲಿಸಿದಳು. ಅವಳ ಕೈಯಲ್ಲಿ ಯಾವಾಗಲೂ ಕಂಡಿಕೆಗೆ ನೂಲು ಸುತ್ತುವ ಕೆಲಸ ಇದ್ದೇ ಇರುತ್ತದೆ. ಅದು ನಿಂತರೆ ಮಾತಿನಲ್ಲಿ ಏನೋ ಇದೆ ಎಂದೇ ಅರ್ಥ.

"ನೋಡಪಾ ತಮ್ಮಾ, ಮಗ್ಗದ ಮುಂದ ನಿಂತ್ರ ಮಗ್ಗದ ಕಡೆ ಮಾರಿ. ಊಟಕ್ಕ ಕುಂತ್ರ ತಾಟಿನ ಕಡೆ ಮಾರಿ. ಮಲಗಿದ್ರ ಗ್ವಾಡಿ ಕಡೆ ಮಾರಿ. ಸೈಕಲ್ ಮ್ಯಾಲಂತೂ ಬರೇ ಬೆನ್ನ! ನಾ ಏನ್ ಇವರ ಬೆನ್ನ ಜೋಡಿ ಲಗ್ನ ಆಗೇನೇನ? ನಂಗೂ ಒಂದ ಸೈಕಲ್ ಕೊಡಸಂತ ಹೇಳ ನಿಮ್ಮ ಮಾಮಾಗ. ಬಾಜೂಕ ಹೊಡಕೊಂತ ಹೋಗ್ತೇನಿ. ಮಾರಿ ನೋಡಿ ನಾಕ ಮಾತ ಆಡ್ತೇನಿ. ಅಷ್ಟ."

ಆ 'ಅಷ್ಟ' ಅನ್ನುವಾಗ ಅವಳು ನಗಲಿಲ್ಲ.

ಮುಂದೆ ದೀಪಾವಳಿಯ ಪಾಡ್ಯ ಬಂತು. ಅತ್ತೆ ಆರತಿ ಬೆಳಗಿದಳು. ತಟ್ಟೆಯಲ್ಲಿ ಏನು ಹಾಕಲಿ ಎಂದು ಮಾಮಾ ಕೇಳಿದ.

"ಸೀರಿ ಬ್ಯಾಡ್ರಿ. ಸೀರಿ ನೇಯೂ ಮನ್ಯಾಗ ಮತ್ತ ಸೀರಿ ತಗೊಂಡ ಏನ್ ಮಾಡ್ಲಿ? ಒಂದ ಸೈಕಲ್ ಕೊಡಸ್ರಿ."

ಮಾಮಾನ ಕಣ್ಣು ಆರತಿಗಿಂತ ಜೋರಾಗಿ ಬೆಳಗಿದವು. ಇಷ್ಟು ವರ್ಷ ಊರವರ ಹೆಗಲು ಅಳೆದವನಿಗೆ ಮನೆಯಲ್ಲೇ ಒಂದು ಹೆಗಲು ಒಲಿದು ಬಂದಿತ್ತಲ್ಲ! "ಕೊಡಸೂಣು! ನಾಳೇನ ಕೊಡಸೂಣು! ಆದ್ರ ಮೊದಲ..." ಅಂದ.

ಆ 'ಮೊದಲ' ಎಂಬ ಮಾತಿನ ಸಂದಿಯಲ್ಲಿ ಅತ್ತೆಯ ಸೈಕಲ್ ಸಿಕ್ಕಿಕೊಂಡುಬಿಟ್ಟಿತು.

ಮೊದಲು ಅಳತೆ. ಮನೆಯಲ್ಲಿ ಟೇಪು ಇಲ್ಲವೆಂದಲ್ಲ. ಟೇಪಿನ ಮೇಲೆ ಮಾಮಾನಿಗೆ ನಂಬಿಕೆ ಇಲ್ಲ. ಮಗ್ಗದಿಂದ ಒಂದು ನೂಲು ಕತ್ತರಿಸಿ ತಂದು, ಅತ್ತೆಯನ್ನು ಅಡುಗೆಮನೆಯ ಬಾಗಿಲಲ್ಲಿ ಬೆನ್ನು ಮಾಡಿ ನಿಲ್ಲಿಸಿ, ಹೆಗಲ ಎಲುಬಿನಿಂದ ಎಲುಬಿಗೆ ಎಳೆದು ಹಿಡಿದ.

"ಉಸುರ ಬಿಡಬ್ಯಾಡ! ಹಂಗ ನಿಂದ್ರ!"

"ರೊಟ್ಟಿ ಹೊತ್ತಾಕತ್ತೈತ್ರಿ!"

"ಹೊತ್ತಲಿ. ರೊಟ್ಟಿ ದಿನಾ ಬಡೀತಿ. ಹ್ಯಾಂಡಲ್ ಜನ್ಮಕ್ಕೊಮ್ಮಿ!"

ಗಂಟು ಹಾಕಿದ ಆ ನೂಲನ್ನು ಕಿಸೆಯಲ್ಲಿಟ್ಟುಕೊಂಡು ಮಾಮಾ ಜಮಖಂಡಿಗೆ ಬಂದ. ನನ್ನನ್ನೂ ಕರೆದುಕೊಂಡು ಸೈಕಲ್ ಅಂಗಡಿ ಹೊಕ್ಕ. ಅಂಗಡಿಯ ಮಾಲೀಕ ಹುರುಪಿನವನು. ಗೇರಿನ ಸೈಕಲ್ಲು, ಬುಟ್ಟಿಯ ಸೈಕಲ್ಲು, ಗುಲಾಬಿ ಬಣ್ಣದ ಸೈಕಲ್ಲು ಒಂದೊಂದಾಗಿ ಎಳೆದು ತಂದ. ಮಾಮಾ ಬಣ್ಣ ನೋಡಲಿಲ್ಲ, ಬೆಲೆ ಕೇಳಲಿಲ್ಲ. ಪ್ರತಿಯೊಂದರ ಹ್ಯಾಂಡಲ್ ಮೇಲೂ ನೂಲು ಹಿಡಿದು, ಸತ್ತವರ ಮನೆಯಲ್ಲಿ ಆಡಿಸಿದಂತೆ ತಲೆ ಆಡಿಸಿ ಮುಂದೆ ಹೋದ. ಕೊನೆಗೆ ಮಾಲೀಕನಿಗೆ ತಡೆಯಲಾಗಲಿಲ್ಲ.

"ಕಾಕಾ, ಸೈಕಲ್ ಹೊಡಿಯೂದು ಕಾಲಿಂದ ಅಲ್ಲೇನ್ರಿ?"

"ಕಾಲ ಎಲ್ಲಾರಿಗೂ ಎರಡ ಇರ್ತಾವ ತಮ್ಮಾ. ಹೆಗಲ ಒಬ್ಬೊಬ್ಬರದ ಒಂದೊಂದ ಪನ್ನಾ."

"ಹಂಗಾದ್ರ ನೀವು ದರ್ಜೀ ಕಡೆ ಹೋಗ್ರಿ."

ದರ್ಜಿಯ ಕಡೆ ಹೋಗಲಿಲ್ಲ. ವೆಲ್ಡಿಂಗಿನವನ ಕಡೆ ಹೋದ. ಮೊದಲು ಹ್ಯಾಂಡಲ್ ಮಾಡಿಸುವುದು, ಆಮೇಲೆ ಅದಕ್ಕೆ ತಕ್ಕ ಸೈಕಲ್ ಹುಡುಕುವುದು! ಇಂಥ ವಿಚಾರ ನಿಮಗೆ ನನಗೆ ಹೊಳೆದೀತೆ? ನಾಲ್ಕಾರು ದಿನ ಬಿಟ್ಟು ಮಾಮಾ ಹೊಳೆಹೊಳೆಯುವ ಹ್ಯಾಂಡಲ್ಲೊಂದನ್ನು ಮಗುವಿನಂತೆ ಎತ್ತಿಕೊಂಡು ಮನೆಗೆ ಬಂದ. ನಾನೂ ಅಲ್ಲೇ ಇದ್ದೆ.

"ಸೈಕಲ್ ಎಲ್ಲೈತ್ರಿ?" ಎಂದಳು ಅತ್ತೆ, ಅವನ ಹಿಂದೆ ಬಗ್ಗಿ ನೋಡುತ್ತ.

"ಮೊದಲ ಇದನ್ನ ಹಿಡದ ನೋಡ. ಉಳದದ್ದು ಬರತೈತಿ."

ಅತ್ತೆ ಅಡುಗೆಮನೆಯ ನಡುವೆ ನಿಂತು ಹ್ಯಾಂಡಲ್ ಹಿಡಿದಳು. ಎರಡೂ ಕೈ ಅಗಲವಾಗಿ ಆಚೀಚೆ ಸರಿದವು, ಬಾಗಿಲಿಗೆ ಅಡ್ಡ ನಿಂತು ಸಾಲದವರನ್ನು ತಡೆಯುವವರಂತೆ! ಮಾಮಾ ಬೆಪ್ಪಾದ. ನೂಲು ತೆಗೆದು ಹಿಡಿದ. ನೂಲಿಗಿಂತ ಹ್ಯಾಂಡಲ್ ಒಂದೊಂದು ಕಡೆ ಎರಡೆರಡು ಬೆರಳು ಹೆಚ್ಚು.

"ಅಳತಿ ಸರಿ ಕೊಟ್ಟಿದ್ದಿಲ್ಲೇನ ಮಾಮಾ?"

"ಸರೀನ ಕೊಟ್ಟೇನಿ. ಮ್ಯಾಲೆ ಎರಡೆರಡ ಬಟ್ಟ ಬಿಡಂತನೂ ಹೇಳೇನಿ."

"ಯಾಕ?"

"ಯಾಕಂದ್ರ? ಮಗ್ಗದಿಂದ ಇಳದ ಮ್ಯಾಲೆ ಪನ್ನಾ ಕುಗ್ಗತೈ..." ಅಂದವನು ಅಲ್ಲಿಗೇ ನಿಂತ. ಬಟ್ಟೆ ಮಗ್ಗದಿಂದ ಇಳಿದು ನೀರು ಕಂಡರೆ ಕುಗ್ಗುತ್ತದೆಂದು ನೇಕಾರರು ಯಾವಾಗಲೂ ಒಂದಿಷ್ಟು ಹೆಚ್ಚಿಗೆ ಹಿಡಿದೇ ನೇಯುತ್ತಾರೆ. ತಲೆತಲಾಂತರದ ಆ ರೂಢಿಯನ್ನು ಮಾಮಾ ಕಬ್ಬಿಣಕ್ಕೂ ಅನ್ವಯಿಸಿದ್ದ!

ಅತ್ತೆ ಹ್ಯಾಂಡಲ್ಲನ್ನು ತಿರುಗಿಸಿ ಮುರುಗಿಸಿ ನೋಡಿದಳು. ಬಹಳ ಮೆಲ್ಲಗೆ ಕೇಳಿದಳು:

"ರಾತ್ರಿ ನೀರಾಗ ನೆನೀ ಇಡ್ಲೇನ್ರಿ?"

ಆ ಹ್ಯಾಂಡಲ್ ಈಗಲೂ ಅಡುಗೆಮನೆಯ ಗೋಡೆಯಲ್ಲಿದೆ. ಅದರ ಎರಡೂ ತುದಿಗೆ ಬೆಳ್ಳುಳ್ಳಿಯ ಗೊಂಚಲು ತೂಗುತ್ತವೆ.

ಇಷ್ಟಕ್ಕೇ ಮಾಮಾ ಬಿಟ್ಟನೆ? ನಮ್ಮ ಕಡೆ ಸೈಕಲ್ ರೇಸಿನ ಹುಚ್ಚು ಜೋರು. ಬೆಳಗಾದರೆ ರಸ್ತೆಯಲ್ಲಿ ಹುಡುಗ ಹುಡುಗಿಯರು ಬೆನ್ನು ಬಾಗಿಸಿ ಬಾಣದ ಹಾಗೆ ಹೋಗುತ್ತಿರುತ್ತಾರೆ. ಅವರಿಗೆ ಕಲಿಸುವವರೊಬ್ಬರು ಮೋಟರ್ ಸೈಕಲ್ ಮೇಲೆ ಹಿಂದೆಯೇ ಬರುತ್ತಾರೆ. ಮಾಮಾ ಒಂದು ಮುಂಜಾನೆ ತನ್ನ ಎಮ್ಮೆಕೋಡನ್ನು ರಸ್ತೆಗೆ ಅಡ್ಡ ಹಿಡಿದು ಅವರನ್ನೇ ನಿಲ್ಲಿಸಿದ.

"ಏನ್ರೀ ಸರ, ಹುಡುಗೂರ ಹ್ಯಾಂಡಲ್ ಇಷ್ಟ ಸಣ್ಣ ಇಟ್ಟೀರಿ! ಪಾಪ, ಉಸುರ ಹೆಂಗ ತಗೊಳ್ಳಬೇಕ್ರಿ ಅವು?"

"ಕಾಕಾ, ಅಗಲ ಇದ್ರ ಎದಿಗೆ ಗಾಳಿ ಬಡೀತೈತ್ರಿ. ಜೋರ ಹೋಗಬೇಕಂದ್ರ ಸಣ್ಣದ ಬೇಕ್ರಿ. ಸಾವಕಾಶ ಹೋಗಾವ್ರಿಗೆ ಅಗಲ ನಡೀತೈತಿ."

ಮಾಮಾನ ಸಿದ್ಧಾಂತದ ಬುಡಕ್ಕೇ ನೀರು ಬಂತು. ಮನೆಗೆ ಬಂದವನೇ ಅತ್ತೆಯ ಮುಂದೆ ಕೂತ. "ಒಂದ ಮಾತ ಹೇಳ. ನೀ ಗಾಳಿಗೆ ಹೊಡಿಯಾಕಿನೋ, ಉಸುರಿಗೆ ಹೊಡಿಯಾಕಿನೋ?"

"ನಾ ಗಿರಣಿಗೆ ಹೊಡಿಯಾಕೀರಿ" ಅಂದಳು ಅತ್ತೆ. "ನೀವು ಕೊಡಸಿದ್ರ."

ಯುಗಾದಿಯೂ ಬಂತು, ಹೋಯಿತು. ನಾನು ರಬಕವಿಗೆ ಹೋದಾಗಲೆಲ್ಲ "ಸೈಕಲ್ ಬಂತೇನ ಅತ್ತಿ?" ಎಂದು ಕೇಳುವುದನ್ನೂ ಬಿಟ್ಟೆ. ಕೇಳಿದರೆ ಅವಳು ಗೋಡೆಯ ಬೆಳ್ಳುಳ್ಳಿಯ ಕಡೆ ಕೈ ತೋರಿಸುತ್ತಿದ್ದಳು.

ಆಮೇಲೊಂದು ದಿನ ಮಾಮಾನೂ ನಾನೂ ಕಟ್ಟೆಯ ಮೇಲೆ ಕೂತಿದ್ದೆವು. ಹಿಡಿಕೆಯ ರಬ್ಬರು ದಪ್ಪವಾದರೆ ಅದನ್ನು ಅಗಲದ ಲೆಕ್ಕಕ್ಕೆ ಸೇರಿಸಬೇಕೋ ಬೇಡವೋ ಎಂಬ ಗಹನವಾದ ಚರ್ಚೆ ನಡೆದಿತ್ತು. ಟ್ರಿಣ್ ಟ್ರಿಣ್ ಎಂದು ಗಂಟೆ ಕೇಳಿತು. ನೋಡುತ್ತೇವೆ, ಸೀರೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬೆನ್ನು ನೆಟ್ಟಗೆ ಮಾಡಿಕೊಂಡು, ಅತ್ತೆ! ಎದುರು ಮನೆಯ ಹುಡುಗಿ ಶಾಲೆಗೆ ಹೋಗುವಾಗ ಓಡಿಸಿದ ಸೈಕಲ್ಲು ಅದು. ಹುಡುಗಿ ಈಗ ಬಸ್ಸಿನಲ್ಲಿ ಜಮಖಂಡಿಯ ಕಾಲೇಜಿಗೆ ಹೋಗುತ್ತಾಳೆ. ಸೈಕಲ್ಲು ಹಿತ್ತಿಲಲ್ಲಿ ಧೂಳು ತಿನ್ನುತ್ತಿತ್ತು. "ಒಯ್ಯವಾ, ಯಾರರೆ ಹೊಡದ್ರ ಸಾಕಾಗೇತಿ" ಎಂದು ಆ ಹುಡುಗಿಯ ತಾಯಿ ಕೊಟ್ಟುಬಿಟ್ಟಿದ್ದಳು. ಅತ್ತೆ ನಮ್ಮ ಮುಂದೆ ಒಂದು ಸುತ್ತು ಹೋಗಿ, ಬಂದು, ಇಳಿದಳು. ಮುಖವೆಲ್ಲ ಬೆವರು, ಬೆವರೆಲ್ಲ ನಗು.

ಮಾಮಾ ಕಿಸೆಯಿಂದ ನೂಲು ತೆಗೆದ. ಹ್ಯಾಂಡಲ್ ಮೇಲೆ ಹಿಡಿದ.

"ಎರಡ ಬಟ್ಟ ಕಮ್ಮಿ ಐತಿ."

"ಇರ್ಲಿ ಬಿಡ್ರಿ."

"ಎದಿ ಮಡಚತೈತಿ."

"ಇಷ್ಟ ವರ್ಷ ನಿಮ್ಮ ಬೆನ್ನ ಹಿಂದ ಮಡಚಿಕೊಂಡ ಕುಂತಿದ್ದೆ. ಈಗ ಬಿಚ್ಚೇತ್ರಿ!"

ಅಂತೂ ಸೈಕಲ್ ಬಂತು, ಕಥೆ ಮುಗಿಯಿತು ಅಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡಿದ್ದೆ. ಅತ್ತೆ ಬೇಡಿದ್ದು ಸೈಕಲ್ಲನ್ನಲ್ಲ, ಬಾಜೂ ಹೋಗುವುದನ್ನು. ಗಂಡಹೆಂಡಿರು ಮೊದಲ ಸಲ ಜೋಡಿಯಾಗಿ ಓಣಿಯಲ್ಲಿ ಹೊರಟರು. ಹತ್ತು ಮಾರು ಹೋಗಿರಲಿಲ್ಲ, ಮಾಮಾನ ಎಮ್ಮೆಕೋಡು ಅತ್ತೆಯ ಹ್ಯಾಂಡಲ್ಲಿಗೆ ಸಿಕ್ಕಿಕೊಂಡಿತು. ಕಾದಾಡುವ ಕೋಣಗಳಂತೆ ಎರಡೂ ಸೈಕಲ್ಲುಗಳು ಒಂದನ್ನೊಂದು ತಿರುವಿ, ಇಬ್ಬರನ್ನೂ ಯಾರದೋ ಮನೆಯ ಮುಂದಿನ ಕಂಡಿಕೆಯ ಬುಟ್ಟಿಯ ಮೇಲೆ ಕೂರಿಸಿದವು. ಅಂದಿನಿಂದ ಅತ್ತೆ ಮುಂದೆ, ಮಾಮಾ ಹಿಂದೆ. ಈಗ ಬೆನ್ನು ನೋಡುವ ಪಾಳಿ ಮಾಮಾನದು! ಹಿಂದಿನಿಂದ ಅವನು "ಏ, ಜೋಳದ ಚೀಲ ಜಾರಾಕತ್ತೈತಿ! ನಿಂದ್ರ!" ಎಂದು ಕೂಗುತ್ತಾನೆ. ಮಗ್ಗಗಳು ಖಟಕ್ ಖಟಕ್. ಅತ್ತೆ ತಿರುಗಿ ನೋಡದೆ, ಅವನದೇ ಅಳತೆಯಲ್ಲಿ, "ಹೂಂ... ಹೂಂ..." ಎನ್ನುತ್ತ ಹೋಗುತ್ತಾಳೆ.

ಓಣಿಯವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಅತ್ತೆಯೂ ನಕ್ಕಳು. ಆದರೆ ನಾನು ಹೋದ ದಿನ ಅವಳ ರಾಟೆ ಮತ್ತೆ ನಿಂತಿತು.

"ಸೈಕಲ್ ಏನೋ ಬಂತಪಾ ತಮ್ಮಾ. ಬಾಜೂ ಬರ್ಲಿಲ್ಲ ನೋಡ."

ಮಾಮಾ ಒಳಗೆ ಮಗ್ಗದ ಮುಂದೆ ನಿಂತಿದ್ದ, ಮಗ್ಗದ ಕಡೆ ಮುಖ ಮಾಡಿ. ಕೇಳಿಸಿತೋ ಇಲ್ಲವೋ ಆ ಸದ್ದಿನಲ್ಲಿ! ಕೇಳಿಸಿರಲಿಕ್ಕಿಲ್ಲ ಅಂದುಕೊಂಡೆ.

ಮುಂದಿನ ವಾರ ಹೋದಾಗ ಮಧ್ಯಾಹ್ನ. ಹೊಸ್ತಿಲ ಮೇಲೆ ಮಾಮಾ ಕೂತಿದ್ದ. ಮಡಿಲಲ್ಲಿ ಅವನ ಸೈಕಲ್ಲಿನ ಹ್ಯಾಂಡಲ್, ಕೈಯಲ್ಲಿ ಕಬ್ಬಿಣ ಕೊಯ್ಯುವ ಗರಗಸ. ಕಾಲ ಬಳಿ ಹಳೆಯ ಮಗ್ಗದ ಪೈಪಿನ ಎರಡು ತುಂಡು ಬಿದ್ದಿದ್ದವು. ಅಷ್ಟು ಸಾಲದೆಂಬಂತೆ ಇನ್ನೂ ಒಳಗೆ, ಇನ್ನೂ ಒಳಗೆ ಕೊಯ್ಯುತ್ತಿದ್ದ. ನನಗೆ ಗಾಬರಿಯಾಯಿತು.

"ಮಾಮಾ! ಏನ್ ಮಾಡಾಕತ್ತಿ? ನಿನ್ನ ಹೆಗಲಿಗಿಂತಾನೂ ಸಣ್ಣ ಆತಲ್ಲೋ! ಎದಿ ಮಡಚತೈತಿ, ಉಸುರ ಹೋಗೂದಿಲ್ಲ!"

"ಹೆಗಲ ಅಳದಿಲ್ಲ."

"ಮತ್ತೇನ್ ಅಳದಿ?"

"ಓಣಿ."

ಕಿಸೆಯಿಂದ ಉದ್ದನೆಯ ನೂಲೊಂದನ್ನು ತೆಗೆದ. ಓಣಿ ಎಲ್ಲಿ ಎಲ್ಲಕ್ಕಿಂತ ಇಕ್ಕಟ್ಟೋ ಅಲ್ಲಿ, ಈ ಗೋಡೆಯಿಂದ ಆ ಗೋಡೆಗೆ ಹಿಡಿದು ತಂದ ನೂಲು. ನಡುವೆ ಒಂದು ಗಂಟಿತ್ತು. ಗಂಟಿನ ಆಚೆಯದನ್ನು ಬೆರಳಲ್ಲಿ ಹಿಡಿದು ತೋರಿಸಿದ.

"ಇಷ್ಟ ಆಕೀದು. ಉಳದದ್ದು ನಂದು."

ತಮಾಷೆ ಮಾಡದೆ ನನಗೆ ಬೇರೆ ದಾರಿ ಉಳಿದಿರಲಿಲ್ಲ. "ಕುಗ್ಗೂದಕ್ಕ ಎರಡ ಬಟ್ಟ ಬಿಟ್ಟೀಯಿಲ್ಲೋ ಮತ್ತ?" ಅಂದೆ.

ಮಾಮಾ ಗರಗಸದಿಂದ ತಲೆ ಎತ್ತಲಿಲ್ಲ. "ಓಣಿ ಕುಗ್ಗೂದಿಲ್ಲಲೇ. ಕುಗ್ಗಬೇಕಾದಾವ ನಾ."

ಅಂದೇ ಸಂಜೆ ಇಬ್ಬರೂ ಗಿರಣಿಗೆ ಹೊರಟರು. ನಾನು ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದೆ. ಮಾಮಾ ಮೊಳಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಚಳಿಯಲ್ಲಿ ಮುದುಡಿದ ಗುಬ್ಬಿಯ ಹಾಗೆ ಸೈಕಲ್ ಹೊಡೆಯುತ್ತಿದ್ದ. ನೋಡಲು ನಗೆಯೇ! ಆದರೆ ಅವನ ಬಾಜೂಕೆ ಅತ್ತೆ. ಎರಡು ಹ್ಯಾಂಡಲ್ಲುಗಳ ನಡುವೆ ಒಂದು ಬೆರಳು ಸಂದಿ, ಆಚೆಯ ಗೋಡೆಗೆ ಒಂದು ಬೆರಳು, ಈಚೆಯ ಗೋಡೆಗೆ ಒಂದು ಬೆರಳು. ಎರಡೂ ಕಡೆ ಮಗ್ಗಗಳು ಖಟಕ್ ಖಟಕ್ ಬಡಿಯುತ್ತಿದ್ದವು. ಅತ್ತೆ ಗಂಟಲು ಹರಿಯುವಂತೆ ಏನೇನೋ ಹೇಳುತ್ತಿದ್ದಳು. ನನಗೆ ಅವಳ ಬಾಯಿ ಆಡುವುದಷ್ಟೇ ಕಾಣುತ್ತಿತ್ತು. ಮಾಮಾ 'ಹೂಂ' ಅನ್ನುತ್ತಿರಲಿಲ್ಲ. ದಾರಿ ನೋಡುವುದನ್ನು ಬಿಟ್ಟು ಅವಳ ಕಡೆಗೇ ಮುಖ ತಿರುಗಿಸಿ ಕೇಳುತ್ತಿದ್ದ.

ಅಷ್ಟರಲ್ಲಿ ಕರೆಂಟ್ ಹೋಯಿತು.

ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಆ ಮೌನದಲ್ಲಿ, ಇನ್ನೂ ಮಗ್ಗದ ಸದ್ದಿನ ಅಳತೆಯಲ್ಲೇ ಕೂಗುತ್ತಿದ್ದ ಅತ್ತೆಯ ದನಿ ಓಣಿಯ ಈ ತುದಿಯಿಂದ ಆ ತುದಿಗೆ ಹೋಯಿತು:

"ನಿಮ್ಮ ಮೀಸಿ ಇಷ್ಟ ಬೆಳ್ಳಗ ಯಾವಾಗ ಆತ್ರೀ? ಆದ್ರೂ ಛಲೋ ಕಾಣ್ತೀರಿ!"

ಕಿಟಕಿಗಳಲ್ಲಿ, ಬಾಗಿಲುಗಳಲ್ಲಿ ತಲೆಗಳು ಮೂಡಿದವು. ಯಾರೋ ಸಿಳ್ಳೆ ಹಾಕಿದರು. ಅತ್ತೆ ನಾಲಿಗೆ ಕಚ್ಚಿಕೊಂಡಳು. ಮಾಮಾನ ಕೈ ತಪ್ಪಿತು, ಸೈಕಲ್ಲು ಗಡಗಡ ಅಲುಗಾಡಿತು, ಇನ್ನೇನು ಬಿದ್ದೇ ಬಿಟ್ಟ ಅಂದುಕೊಂಡು ನಾನು ಕಟ್ಟೆಯಿಂದ ಜಿಗಿದೆ.

ಬೀಳಲಿಲ್ಲ. ಬೀಳಲು ಜಾಗವೆಲ್ಲಿತ್ತು? ಜನ್ಮದಲ್ಲಿ ಮೊದಲ ಸಲ ಮಾಮಾನ ಅಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ: ಒಂದು ಕಡೆ ಗೋಡೆ, ಇನ್ನೊಂದು ಕಡೆ ಅತ್ತೆ.